ಮಾವನ ಹೊಟ್ಟೆಯ ಮೇಲಿನ ಗೆರೆ

ನಮ್ಮತ್ತೆಯ ಮಡಿ ಕಂಡರೆ ನನಗೆ ಆಗುತ್ತಿರಲಿಲ್ಲ. ಮೈಸೂರು ಕಡೆಯಿಂದ ಮೆಟ್ಟುಪಾಳ್ಯಂ ಹತ್ತಿರದ ಈ ನೇಕಾರರ ಊರಿಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಸ್ನಾನವಾಗಿ ಪೂಜೆ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಎದುರಾದರೆ ನಾನೇ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಬೇಕೆಂದೇ ಅಡ್ಡ ನಿಂತು ಕಾಡಿಸಿದ್ದೂ ಉಂಟು. ಅವರ ಪುಟ್ಟ ದೇವರ ಕೋಣೆಯೊಂದಕ್ಕೇ ನಮ್ಮಲ್ಲಿ ಸರಿಯಾಗಿ ಮುಚ್ಚುವ ಬಾಗಿಲಿದ್ದದ್ದು. ಉಳಿದ ಮನೆಯೆಲ್ಲ ಮಾವನ ಮಗ್ಗದ್ದು. ನೆಲದ ಗುಂಡಿಗೆ ಕಾಲಿಳಿಸಿ ಕೂತು ಅವರು ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗಕ್ಕೆ ಇಲ್ಲಿ ತಮಿಳಿನ ಹಾಗೆ ತರಿ ಎನ್ನುತ್ತಾರೆ. ಆ ತರಿಯ ಸದ್ದಿನಲ್ಲೇ ನನಗೆ ಬೆಳಗಾಗುತ್ತಿತ್ತು.

ಒಂದು ಚಳಿಗಾಲ ಆ ಸದ್ದು ನಿಧಾನವಾಯಿತು. ಮಾವ ಮಗ್ಗದಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಕಾಲು ಊದಿತು, ಅನ್ನ ಸೇರಲಿಲ್ಲ. ಕೊಯಮತ್ತೂರಿನ ಆಸ್ಪತ್ರೆಯಲ್ಲಿ, ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದರು. ಕುತ್ತಿಗೆಗೆ ಕೊಳವೆ ಹಾಕಿ ಡಯಾಲಿಸಿಸ್ ಶುರುಮಾಡಿದರು. ನನ್ನ ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯಿಂದ ಬರುತ್ತಿದ್ದದ್ದು ಭಾನುವಾರ ಮಾತ್ರ. ಹಾಗಾಗಿ ಮಾವನ ಜೊತೆ ವಾರಕ್ಕೆ ಮೂರು ದಿನ ಬಸ್ಸು ಹತ್ತಿದವಳು ನಾನು.

ಆ ದಿನಗಳು ನನಗೆ ಈಗಲೂ ಮಂಜಿನೊಳಗಿಂದಲೇ ಕಾಣುತ್ತವೆ. ಬಸ್ಸಿನ ಹಿಂದೆ ಕರಗುತ್ತ ಹೋಗುವ ನೀಲಗಿರಿ, ತರಕಾರಿ ಲಾರಿಗಳು, ನನ್ನ ಭುಜದ ಮೇಲೆ ನಿದ್ದೆಹೋದ ಮಾವ. ಆಸ್ಪತ್ರೆಯಲ್ಲಿ ಅವರ ರಕ್ತ ಸಣ್ಣ ಕೊಳವೆಯಲ್ಲಿ ಹೊರಗೆ ಬಂದು, ಯಂತ್ರವನ್ನು ಸುತ್ತಿ, ಮತ್ತೆ ಒಳಗೆ ಹೋಗುತ್ತಿತ್ತು. ಕೆಂಪು ನೂಲು ಸುತ್ತುತ್ತಿರುವ ಹಾಗೆ ಕಂಡು ನಾನೂ ಮಂಪರಿಗೆ ಜಾರುತ್ತಿದ್ದೆ. ಒಮ್ಮೆ ಕಣ್ಣುಬಿಟ್ಟಾಗ ಹೊದಿಕೆಯ ಕೆಳಗೆ ಮಾವನ ಪಾದಗಳು ಒಂದಾದ ಮೇಲೊಂದು ಏಳುತ್ತಿದ್ದವು, ಇಳಿಯುತ್ತಿದ್ದವು. ಅವರು ನಿದ್ದೆಯಲ್ಲೇ ಮಗ್ಗ ತುಳಿಯುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಕುತ್ತಿಗೆಯ ಕೊಳವೆ ಬಹಳ ಕಾಲ ಇರುವಂಥದ್ದಲ್ಲ, ಮುಂದಿನ ದಾರಿ ನೀವೇ ಆರಿಸಿ ಎಂದು ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಬೇರೆಯವರ ಕಿಡ್ನಿ ಹಾಕಿಸಬಹುದು. ಅತ್ತೆಗೆ ಸಕ್ಕರೆ ಕಾಯಿಲೆ, ಅವರದು ಆಗದು. ಮಗನದು ಬೇಡವೇ ಬೇಡ ಎಂದು ಮಾವ ಹಟ ಹಿಡಿದರು. ಇಲ್ಲವೆಂದರೆ ಎಡಗೈಯಲ್ಲಿ ನರ ಜೋಡಿಸಿ ಹೀಗೇ ಆಸ್ಪತ್ರೆಗೆ ಬರುತ್ತಿರಬೇಕು, ಆ ಕೈಗೆ ಭಾರ ಬೀಳಬಾರದು. ಅದೂ ಬೇಡವೆಂದರೆ ಹೊಟ್ಟೆಗೆ ಕೊಳವೆ ಇಡಿಸಿಕೊಂಡು, ಮನೆಯಲ್ಲೇ ದಿನಕ್ಕೆ ನಾಲ್ಕು ಸಲ ಔಷಧದ ನೀರು ತುಂಬಿಸಿ, ಅದು ಕಲ್ಮಷ ಎಳೆದುಕೊಂಡ ಮೇಲೆ ಇಳಿಸಬೇಕು. ಏನು ಕೆಲಸ ಮಾಡ್ತೀರಿ ಎಂದು ಕೇಳಿದ್ದಕ್ಕೆ ಮಾವ, ಮನೆಯಲ್ಲಿ ಸುಮ್ಮನೆ ಇದ್ದೇನೆ ಎಂದುಬಿಟ್ಟರು. ನನಗೆ ರೇಗಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ನೋಡುತ್ತ, ಕೊಟ್ಟರೂ ಎನ್ನುವುದಕ್ಕೆ ಕುಡುತ್ರೂ ಎನ್ನುವ ತಮ್ಮೂರ ಕನ್ನಡದಲ್ಲಿ ಹೇಳಿದರು: "ಕೈ ಕುಡುತ್ರೂ ತರಿ ಹೋಯ್ತು, ಹೊಟ್ಟೆ ಕುಡುತ್ರೂ ತರಿ ಹೋಯ್ತು. ಯಾವುದಾದ್ರೆ ಏನಮ್ಮಾ."

ಆಗ ನನಗೆ ಹೊಳೆಯಿತು. ನೂಲು ಒತ್ತಾಗಿ ಕೂರಲು ಮಗ್ಗದ ಹಲಗೆ ಎಳೆದು ಬಡಿಯುವುದು ಎಡಗೈ. ನೇಯ್ದ ಸೀರೆ ಸುತ್ತಿಕೊಳ್ಳುವ ಮರ ಒತ್ತುವುದು ಹೊಟ್ಟೆಗೆ.

ಕೊನೆಗೆ ಹೊಟ್ಟೆಯೆಂದೇ ತೀರ್ಮಾನವಾಯಿತು, ಬಸ್ಸಿನ ಓಡಾಟಕ್ಕೆ ಅವರಲ್ಲಿ ಶಕ್ತಿ ಉಳಿದಿರಲಿಲ್ಲ. ಆಪರೇಷನ್ನಿಗೆ ಮುಂಚೆ ಡಾಕ್ಟರು ಅವರನ್ನು ಕೂರಿಸಿ, ಪಂಚೆ ಕಟ್ಟುವ ಜಾಗ ತಪ್ಪಿಸಿ ಪೆನ್ನಿನಲ್ಲಿ ಗುರುತು ಹಾಕಲು ಬಗ್ಗಿದರು. ಅಂದು ನಮ್ಮ ಜೊತೆ ಬಂದಿದ್ದ, ಹೊರಗಿನವರ ಮುಂದೆ ಬಾಯಿಬಿಡದ ಅತ್ತೆ ಮುಂದೆ ಬಂದು, ಗಂಡನ ಅಂಗಿಯನ್ನು ಮೇಲೆತ್ತಿ ಹಿಡಿದರು. ಹೊಟ್ಟೆಗೆ ಅಡ್ಡಲಾಗಿ ಕಪ್ಪಗೆ ಜಡ್ಡುಗಟ್ಟಿದ ಒಂದು ಗೆರೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನದನ್ನು ಕಂಡಿರಲಿಲ್ಲ.

ಇಲ್ಲಿ ಮರ ತಾಗುತ್ತೆ, ಇದಕ್ಕಿಂತ ಮೇಲೆ ಇಡಿ, ಇವರು ಇನ್ನೂ ನೇಯಬೇಕು ಎಂದು ಅತ್ತೆ ತಮಿಳಿನಲ್ಲಿ ಹೇಳಿದರು. ಡಾಕ್ಟರು ತಲೆಯಾಡಿಸಿ ಪೆನ್ನನ್ನು ಮೇಲಕ್ಕೆ ತಂದರು. ಗಾಯ ಚೆನ್ನಾಗಿ ಮಾಯಲಿ, ಆಮೇಲೆ ನೋಡೋಣ ಎಂದರು. ಮಾವ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಮನೆಯಲ್ಲಿ ನೀರು ಬದಲಿಸಲು ಬಾಗಿಲು ಮುಚ್ಚಿದ, ಧೂಳಿಲ್ಲದ ಜಾಗ ಬೇಕಿತ್ತು. ಅತ್ತೆ ದೇವರನ್ನು ಅಡುಗೆಮನೆಯ ಗೂಡಿಗೆ ಕಳಿಸಿ ತಮ್ಮ ಕೋಣೆ ಬಿಟ್ಟುಕೊಟ್ಟರು. ಕೈ ತೊಳೆಯಬೇಕು, ಮಾಸ್ಕ್ ಹಾಕಬೇಕು, ತೊಳೆದ ಕೈ ಇನ್ನೇನನ್ನೂ ಮುಟ್ಟಬಾರದು ಎಂದು ನರ್ಸ್ ಕಲಿಸಿದ್ದನ್ನು ಅವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ನಿಮ್ಮ ಮಡಿ ಈಗ ಡಾಕ್ಟರ ಮಡಿ ಆಯ್ತು ನೋಡಿ ಅತ್ತೆ ಎಂದು ಕಾಡಿಸಿದರೆ, ದೂರ ನಿಲ್ಲು ಎಂದು ಗದರುತ್ತಿದ್ದರು. ಬೆಚ್ಚಗಿನ ನೀರು ಒಳಗೆ ಇಳಿಯುವಾಗ ಮಾವ ಕಣ್ಣುಮುಚ್ಚಿ, ಭವಾನಿ ಹೊಳೆಯಲ್ಲಿ ಕುತ್ತಿಗೆವರೆಗೆ ನಿಂತ ಹಾಗಿದೆ ಎನ್ನುತ್ತಿದ್ದರು. ಊತ ಇಳಿಯಿತು, ಊಟ ಸೇರಿತು. ಮಗ್ಗದ ಮೇಲೆ ಹೊದಿಸಿದ ಹಳೇ ಸೀರೆ ಮಾತ್ರ ಹಾಗೇ ಇತ್ತು.

ಗಾಯ ಮಾಯ್ದ ಎಷ್ಟೋ ದಿನಗಳ ಮೇಲೆ, ಹೊಟ್ಟೆಯ ನೀರು ಇಳಿಸಿಕೊಂಡು ಸ್ವಲ್ಪ ಹೊತ್ತು ಮಗ್ಗದಲ್ಲಿ ಕೂತು ನೋಡಿ ಎಂದು ಡಾಕ್ಟರು ಒಪ್ಪಿದರು. ಒಂದು ಮಧ್ಯಾಹ್ನ ನೀರು ಇಳಿಸಿಯಾಗಿತ್ತು, ಔಷಧದ ನೀರಿನ ಹೊಸ ಚೀಲ ಬೆಚ್ಚಗಾಗಿತ್ತು. ಅತ್ತೆ ಕೈ ತೊಳೆದು, ಎರಡೂ ಕೈ ಎತ್ತಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಮಾವ ಬರಲಿಲ್ಲ. ಪಕ್ಕದಲ್ಲಿ ತರಿ ಒಮ್ಮೆ ಸದ್ದು ಮಾಡಿ ನಿಂತಿತು. ಆಮೇಲೆ ಮತ್ತೊಮ್ಮೆ. ಆಮೇಲೆ ನಿಲ್ಲಲಿಲ್ಲ.

ಅತ್ತೆಯ ಕಣ್ಣಿಂದ ನೀರು ಇಳಿದು ಮಾಸ್ಕಿನೊಳಗೆ ಹೋಗುತ್ತಿತ್ತು. ಎತ್ತಿದ ಕೈ ಅವರು ಇಳಿಸುವಂತಿರಲಿಲ್ಲ. ನಾನು ರೂಢಿಯಂತೆ ಗೋಡೆಗೆ ಅಂಟಿ ನಿಂತಿದ್ದೆ.

"ಬಾಮ್ಮಾ," ಎಂದರು, "ಒರಸು."

ಸೆರಗಿನಿಂದ ಅವರ ಮುಖ ಒರೆಸಿದೆ. ಮಾವನನ್ನು ಕರೆಯಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ ಹೇಳಿದರು, ಇನ್ನೊಂಚೂರು ನೇಯಲಿ, ನಾನು ಮತ್ತೆ ಕೈ ತೊಳ್ಕೋತೀನಿ.