ಅತ್ತೆಯವರ ಕಫದ ಔಷಧಿ, ನನ್ನ ಎರಡು ಗುಟುಕು ನೀರು

ಬ್ರಿಟಿಷರ ಕಾಲದ ಮಾತು. ನಾನು ಶಿರಗುಪ್ಪಿಯಿಂದ ಮದುವೆಯಾಗಿ ಹುಬ್ಬಳ್ಳಿಗೆ ಬಂದ ನಾಲ್ಕನೆಯ ವರ್ಷ. ಆ ಚಳಿಗಾಲದಲ್ಲಿ ನಮ್ಮ ಅತ್ತೆಯವರ ಎದೆಯಲ್ಲಿ ಕಫ ಗಟ್ಟಿಯಾಗಿ ಕೂತುಬಿಟ್ಟಿತು. ಉಸಿರೆಳೆದರೆ ಗೊರಗೊರ ಸದ್ದು. ಎಷ್ಟು ಕೆಮ್ಮಿದರೂ ಹೊರಗೆ ಬರದು. ಊಟ ಸೇರದ್ದಕ್ಕೆ ಅವರು ಅಳಲಿಲ್ಲ, ನಿದ್ದೆ ಬಾರದ್ದಕ್ಕೂ ಅಳಲಿಲ್ಲ. ಒಂದು ಮುಂಜಾನೆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವಾಗ ಕೆಮ್ಮು ಒತ್ತರಿಸಿ ಬಂದು ಕೈ ಅದುರಿತು. ಲಿಂಗ ಜಾರುವುದರೊಳಗೆ ಬಲಗೈಯಿಂದ ಮುಚ್ಚಿ ಎದೆಗೊತ್ತಿಕೊಂಡರು. ಆಗ ಅತ್ತರು.

"ನಾಳೆ ಬಿದ್ದರ ಏನ್ ಮಾಡ್ಲೆ ಯವ್ವಾ? ಪೂಜಿ ಬಿಡಾಕ ಬರಂಗಿಲ್ಲ, ಕೆಮ್ಮು ನನ್ನ ಬಿಡವಲ್ದು."

ಡಾಕ್ಟರು ಕಫ ಕರಗಿಸುವ ಮಿಕ್ಸ್ಚರ್ ಕೊಟ್ಟು, ಜತೆಗೆ ಬಿಸಿನೀರು ಕುಡಿಸಲು ಹೇಳಿದರು. ಬಾಟಲಿಗೆ ಅಳತೆಯ ಕಾಗದದ ಪಟ್ಟಿ ಅಂಟಿಸಿತ್ತು. ಔಷಧಿ ಬಾಯಿಗೆ ಉಪ್ಪುಪ್ಪು. ದಿನಕ್ಕೆ ಮೂರು ಸಲ ತಪ್ಪದೆ ಕೊಟ್ಟೆ. ಐದು ದಿನವಾದರೂ ಗುಣ ಕಾಣಲಿಲ್ಲ. ಪೂಜೆಯ ಹೊತ್ತಿಗೆ ಅವರ ಅಂಗೈಯ ಕೆಳಗೆ ನನ್ನ ಎರಡೂ ಕೈ ಒಡ್ಡಿ ಕೂತಿರುತ್ತಿದ್ದೆ.

ಖಾಲಿ ಬಾಟಲಿ ಹಿಡಿದು ದವಾಖಾನೆಗೆ ಹೋದಾಗ ಮುದುಕ ಕಂಪೌಂಡರ್ ಕೇಳಿದ, "ಅಕ್ಕಾರ, ಬಿಸಿನೀರು ಎಷ್ಟು ಕೊಡಾಕತ್ತೀರಿ?"

"ನೀರು ಕುಡದ್ರ ಕಫ ಹೆಚ್ಚಾಕ್ಕೈತಲ್ರಿ. ಎರಡ ಗುಟುಕು ಕೊಡ್ತೇನಿ" ಅಂದೆ, ಹೆಮ್ಮೆಯಿಂದಲೇ.

ಅವನು ಹಣೆ ಬಡಿದುಕೊಂಡ. "ಅಂಬಲಿ ಆರಿ ಗಟ್ಟಿ ಆದ್ರ ಏನ್ ಮಾಡ್ತೀರಿ?"

"ನೀರು ಹಾಕಿ ತಿರುವ್ತೇನ್ರಿ."

"ಮತ್ತ? ಎದ್ಯಾಗಿನ ಕಫಕ್ಕ ಬ್ಯಾರೆ ನ್ಯಾಯ ಏನ್ರಿ? ಔಷಧಿ ಒಂದ ಏನ್ ಮಾಡೀತು? ಛಲೋತ್ನಾಗಿ ಬಿಸಿನೀರು ಕುಡಸ್ರಿ. ಕಫ ಬರಾಕತ್ತಿದ್ರ ಅಂಜಬ್ಯಾಡ್ರಿ, ಉಗುಳಲಿ."

ದಾರಿಯುದ್ದಕ್ಕೂ ನಾಚಿಕೆ. ಅತ್ತೆಯವರು ಬಾಯಿ ಒಣಗಿ ನೀರು ಬೇಡಿದಾಗಲೆಲ್ಲ ತಂಬಿಗೆ ದೂರ ಸರಿಸಿ, ಅದನ್ನೇ ಸೇವೆ ಅಂದುಕೊಂಡಿದ್ದೆನಲ್ಲ! ಮನೆಗೆ ಬಂದವಳೇ ಒಲೆಯ ಮೇಲೆ ನೀರಿಟ್ಟೆ.

ಮೂರನೆಯ ದಿನ ಕಫ ತೆಳ್ಳಗಾಗಿ, ಕೆಮ್ಮಿದೊಡನೆ ಬರತೊಡಗಿತು. ಅತ್ತೆಯವರು ಎದೆ ಹಗುರ ಮಾಡಿಕೊಂಡೇ ಪೂಜೆಗೆ ಕೂತರು. ನಾನು ಕೈ ಒಡ್ಡಲು ಹೋದರೆ ಬೇಡವೆಂದು ತಲೆಯಾಡಿಸಿದರು. ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು, ಅಂಗೈ ಅಲುಗಲಿಲ್ಲ. ಉಸಿರಿನ ಗೊರಗೊರ ಪೂರ್ತಿ ಹೋಗಲಿಲ್ಲ, ಚಳಿ ಬಿದ್ದಾಗ ಮತ್ತೆ ಬರುತ್ತಿತ್ತು. ಶಿವ ಅಷ್ಟಾದರೂ ಕೊಟ್ಟನಲ್ಲ ಅಂತ ಕೈಮುಗಿದೆ.

ಆ ಮೂರನೆಯ ದಿನವೇ ಪಕ್ಕದ ಮನೆಯಾಕೆ ನೋಡಲು ಬಂದರು. ಅತ್ತೆಯವರು ಶುರುಮಾಡಿದರು: "ನನ್ನ ಸೊಸಿ ಭಾಳ ಶ್ಯಾಣ್ಯಾಕಿ ನೋಡವಾ, ತುಂಬಿದ ಕೊಡ ಮುಂದ ಇಟಗೊಂಡು ನನ್ನ ನೀರಡಿಕಿಲೆ ಕೊಲ್ಲಾಕ ನಿಂತಿದ್ಲು!"

ನಾನು ತಲೆ ತಗ್ಗಿಸಿ ನಕ್ಕೆ. ಅಷ್ಟುದ್ದ ಮಾತನ್ನು ಅವರು ಎಲ್ಲಿಯೂ ಕೆಮ್ಮದೆ, ಒಂದೇ ಉಸಿರಿಗೆ ಆಡಿ ಮುಗಿಸಿದ್ದರು.