ಮಗು ಮಲಗುವ ಕಾಲು

ಬಲಮಂಡಿಯಲ್ಲಿ ಮೊದಲ ಸಲ ಸದ್ದು ಕೇಳಿದಾಗ ಮಗಳು ಆಶಾ ಐದು ತಿಂಗಳ ಬಸುರಿ. ಕೆಳಗಿನ ಡಬ್ಬದಿಂದ ರಾಗಿಹಿಟ್ಟು ತೆಗೆದು ಏಳುತ್ತಿದ್ದೆ. ಒಣ ಹಪ್ಪಳ ಮುರಿದ ಹಾಗೆ ಲಟಕ್ಕೆಂದಿತು. ನೋವು ಆಮೇಲೆ ಬಂತು. ನಾನು ಅದನ್ನು ವಾಯು ಎಂದುಕೊಂಡೆ. ನಮ್ಮ ಕಡೆ ಹೆಸರು ಗೊತ್ತಿಲ್ಲದ ನೋವಿಗೆಲ್ಲ ವಾಯು ಎನ್ನುತ್ತೇವೆ. ಎಳ್ಳೆಣ್ಣೆ ಕಾಸಿ ಹಚ್ಚಿದೆ. ಬಿಸಿನೀರಿನ ಶಾಖ ಕೊಟ್ಟೆ. ಆಲೂಗಡ್ಡೆ ಬಿಟ್ಟೆ, ಕಡಲೆಬೇಳೆ ಬಿಟ್ಟೆ. ವಾಯು ಮಾತ್ರ ನನ್ನನ್ನು ಬಿಡಲಿಲ್ಲ.

ನನಗೆ ಐವತ್ತೆಂಟು ವರ್ಷ. ಊರು ಅಜ್ಜಂಪುರ. ಯಜಮಾನರದು ಬಿತ್ತನೆ ಬೀಜ, ಗೊಬ್ಬರದ ಸಣ್ಣ ಅಂಗಡಿ. ಓದು ಬರಹ ಹೆಚ್ಚಿಲ್ಲದ ನನಗೂ ಬೀದಿಯಲ್ಲಿ ಒಂದು ಮರ್ಯಾದೆ ಇತ್ತು. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅದಕ್ಕೆ ನೀರೆರೆಯಲು ನನ್ನನ್ನು ಕರೆಯುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಎರಡೂ ಕಾಲು ನೀಡಿ ಕೂತು, ಆ ಕಾಲುಗಳ ಮೇಲೆ ಎಣ್ಣೆ ಹಚ್ಚಿದ ಮಗುವನ್ನು ಮಲಗಿಸಿಕೊಳ್ಳುತ್ತಿದ್ದೆ. ಕೈಗೆ ಅಂಕೆ ಸಿಗದ ಹಸುಗೂಸುಗಳು ನನ್ನ ಕಾಲಿನ ಮೇಲೆ ತೆಪ್ಪಗೆ ಮಲಗುತ್ತಿದ್ದವು. ಇದು ನನ್ನ ತಲೆಗೆ ಚೆನ್ನಾಗಿಯೇ ಏರಿತ್ತು. ನೆಲಕ್ಕೆ ಕೂರಲು ಒದ್ದಾಡುವ ಹೆಂಗಸರನ್ನು ಕಂಡರೆ, "ಏನೇ, ಈ ವಯಸ್ಸಿಗೇನಾ?" ಎಂದು ಛೇಡಿಸುತ್ತಿದ್ದೆ.

ನೋವು ಇಳಿಯದೆ ಕಡೂರಿಗೆ ಹೋದೆವು. ಮೂಳೆ ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ಆಸ್ಟಿಯೋ ಆರ್ಥ್ರೈಟಿಸ್ ಅಮ್ಮಾ. ಎರಡು ಮೂಳೆ ಮಧ್ಯೆ ಇರೋ ಕಾರ್ಟಿಲೇಜ್ ಸವೆದಿದೆ. ಬಲಗಡೆ ಜಾಸ್ತಿ."

"ವಾಯು ಅಲ್ವಾ ಸಾರ್?"

"ಸವೆತ. ವಯಸ್ಸಾದ್ಮೇಲೆ ಬರೋದೇ. ಇನ್ಮೇಲೆ ನೆಲದ ಮೇಲೆ ಕೂರಬೇಡಿ. ಕುಕ್ಕರುಗಾಲು ಬೇಡ. ಮನೇಲಿ ಕಮೋಡ್ ಹಾಕಿಸ್ಕೊಳ್ಳಿ."

ನಾನು ಕೇಳಿದೆ. "ಮಗೂಗೆ ನೀರು ಹಾಕ್ಬಹುದಾ?"

"ಯಾರ ಮಗೂಗೆ?"

"ಇನ್ನೂ ಹುಟ್ಟಿಲ್ಲ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ನಗಲಿಲ್ಲ, ಪುಣ್ಯಾತ್ಮ. "ಹುಟ್ಟೋದ್ರೊಳಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದರು.

ಬಸ್ಸಿನಲ್ಲಿ ಯಜಮಾನರು, "ಬೀಗ್ರಿಗೆ ಒಂದು ಮಾತು ಹೇಳ್ಬಿಡಾಣ ಕಣೇ" ಎಂದರು.

"ಸುಮ್ಕೆ ಕೂತ್ಕಳಿ ನೀವು."

ಮೊದಲ ಬಾಣಂತನ ತವರುಮನೆಯದು. ಮಗಳನ್ನು ಕರೆದುತಂದು, ಹೆರಿಗೆ ಮಾಡಿಸಿ, ತಾಯಿ ಮಗುವಿಗೆ ನೀರೆರೆದು ಕಳಿಸುವುದು ಹೆತ್ತವಳ ಕೆಲಸ. ಊರಿನ ಮಕ್ಕಳಿಗೆಲ್ಲ ನೀರೆರೆದವಳು ತನ್ನ ಮೊಮ್ಮಗುವಿಗೆ ಎರೆಯಲಾರಳು ಎಂದರೆ ಬೀಗರ ಮುಖ ಹೇಗೆ ನೋಡಲಿ? ಮಂಡಿಗಿಂತ ಈ ಯೋಚನೆಯೇ ನನ್ನನ್ನು ಹೆಚ್ಚು ಕುಟುಕುತ್ತಿತ್ತು.

ನಾಚಿಕೆ ಎಲ್ಲೆಲ್ಲಿ ನುಗ್ಗಿತು ಎಂದರೆ ಹೇಳಲಾರೆ. ಬೆಳಗಿನ ಲಿಂಗಪೂಜೆಗೆ ಚಕ್ಕಂಬಕ್ಕಳ ಹಾಕಲಾಗದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡೆ. ಎಳೆದುಕೊಂಡವಳು ಕೋಣೆಯ ಬಾಗಿಲು ಹಾಕಿದೆ. ಶಿವನಿಗೆ ಕಂಡರೆ ಕಾಣಲಿ, ಪಕ್ಕದ ಮನೆಯವರಿಗೆ ಕಾಣಬಾರದು ಎನ್ನುವಂತಿತ್ತು ನನ್ನ ಭಕ್ತಿ.

ಸೀಮಂತಕ್ಕೆ ಸಿಂಗಟಗೆರೆಗೆ ಹೋದೆವು. ಆಶಾಳ ಅತ್ತೆ ಗೌರಮ್ಮನವರು ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರು. ತೆಳ್ಳಗೆ, ನೆಟ್ಟಗೆ ಇರುವ ಹೆಂಗಸು. ತಲೆಯ ಮೇಲಿನ ಸೆರಗು ಜಾರಿದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಹಾಸಿದ ಚಾಪೆಯ ಪಕ್ಕ ಅವರೇ ಒಂದು ಕುರ್ಚಿ ತಂದಿಟ್ಟರು.

"ಕೂತ್ಕಳಿ ಬೀಗ್ರೇ, ಆರಾಮಾಗಿ."

"ಅಯ್ಯೋ, ನಂಗ್ಯಾಕೆ ಕುರ್ಚಿ? ಇನ್ನೂ ಅಷ್ಟು ವಯಸ್ಸಾಗಿಲ್ಲ ಬಿಡಿ" ಎಂದು ಚಾಪೆಯ ಮೇಲೆ ಕೂತೆ. ಕೂತದ್ದೇನೋ ಕೂತೆ. ಹೋಳಿಗೆ ಮುಗಿಯಿತು, ಮಜ್ಜಿಗೆ ಮುಗಿಯಿತು, ಸಾಲಿನವರೆಲ್ಲ ಎದ್ದರು. ನನಗೆ ಏಳಲಾಗಲಿಲ್ಲ. ಮತ್ತೊಂದು ಲೋಟ ಮಜ್ಜಿಗೆ ಕೇಳಿದೆ. ಅದು ಮುಗಿದಾಗ ಬಾಳೆಹಣ್ಣು ಕೇಳಿದೆ. ಎಲೆ ಎತ್ತುವ ಹೆಂಗಸು ನನ್ನ ಎಲೆಯೊಂದನ್ನೇ ಕಾಯುತ್ತಾ ನಿಂತಿದ್ದಳು. ಎರಡನೇ ಪಂಕ್ತಿಯವರು ಬಾಗಿಲಲ್ಲಿದ್ದರು. ಕೊನೆಗೆ ಯಜಮಾನರು ಏನೋ ಗುಟ್ಟು ಹೇಳುವವರಂತೆ ಬಗ್ಗಿ, ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಗೌರಮ್ಮನವರು ನೋಡಿದರೋ ಇಲ್ಲವೋ ತಿಳಿಯಲಿಲ್ಲ.

ಹೊರಡುವಾಗ ಅವರು ಕೇಳಿದರು. "ಬಾಣಂತನ ನಿಮಗೆ ತ್ರಾಸಾದ್ರೆ ಹೇಳಿ, ಇಲ್ಲೇ ಇರ್ಲಿ."

"ನಾನಿಲ್ವಾ?" ಎಂದೆ. ಮಾತು ಬೇಕಾದ್ದಕ್ಕಿಂತ ಜೋರಾಗಿ ಬಂತು.

ಮಗಳನ್ನು ಅಜ್ಜಂಪುರಕ್ಕೆ ಕರೆತಂದೆವು. ತರೀಕೆರೆಯ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ಹೆಣ್ಣುಮಗು. ಹಣೆ ನನ್ನ ಅಮ್ಮನದೇ.

ಮನೆಗೆ ಬಂದ ಮೇಲೆ ದಿನವೂ ಒಂದು ನಾಟಕ. ತಿಂಡಿ ತಿಂದು, ಯಾರಿಗೂ ಕಾಣದಂತೆ ನೋವಿನ ಮಾತ್ರೆ ನುಂಗುತ್ತಿದ್ದೆ. ಅದು ಹಿಡಿಯುವವರೆಗೆ ಹಂಡೆಯ ಒಲೆಗೆ ಸೌದೆ ನೂಕುತ್ತಾ, "ನೀರು ಇನ್ನೂ ಕಾದಿಲ್ಲ ಕಣೇ" ಎನ್ನುತ್ತಿದ್ದೆ. ನೀರು ಯಾವಾಗಲೋ ಕಾದಿರುತ್ತಿತ್ತು. ನಲ್ಲಿ ಹಿಡಿದುಕೊಂಡು ಮಣೆಗೆ ಇಳಿಯುತ್ತಿದ್ದೆ. ಆಶಾ ಎಣ್ಣೆ ಹಚ್ಚಿದ ಮಗುವನ್ನು ತಂದು ಕಾಲಿನ ಮೇಲೆ ಮಲಗಿಸುತ್ತಿದ್ದಳು. ಆ ಪುಟ್ಟ ಬೆನ್ನು ಕಾಲಿಗೆ ತಾಗಿದರೆ ಸಾಕು, ನೋವಿದ್ದದ್ದು ನಿಜವೋ ಸುಳ್ಳೋ ಎನ್ನಿಸುತ್ತಿತ್ತು. ನೀರೆರೆದು, ಒರೆಸಿ, ಮಗುವನ್ನು ಆಶಾಳ ಕೈಗೆ ಕೊಟ್ಟು, "ಗಾಳಿ ಬತ್ತದೆ, ನಡಿ ನಡಿ" ಎಂದು ಅವಳನ್ನು ಅಟ್ಟಿ, ಬಚ್ಚಲ ಬಾಗಿಲಿಗೆ ಚಿಲಕ ಹಾಕುತ್ತಿದ್ದೆ. ಕೂತಲ್ಲಿಂದಲೇ ಎಟುಕುವಂತೆ ಚಿಲಕಕ್ಕೆ ದಾರ ಕಟ್ಟಿದ್ದೆ. ಆಮೇಲೆ ನಾಲ್ಕು ಕಾಲಿನ ಪ್ರಾಣಿಯ ಹಾಗೆ ಬಗ್ಗಿ, ನಲ್ಲಿಯವರೆಗೆ ತೆವಳಿ, ಎದ್ದು ನಿಲ್ಲುತ್ತಿದ್ದೆ. ಮಾತ್ರೆಗೆ ಹೊಟ್ಟೆ ಉರಿಯತೊಡಗಿತ್ತು. ಬಾಣಂತಿಗೆ ಮಾಡಿದ ಮೆಣಸಿನ ಸಾರು ನನಗೆ ಸೇರುತ್ತಿರಲಿಲ್ಲ.

ಹೊಟ್ಟೆ ಉರಿ ತಾಳದೆ ಒಂದು ಬೆಳಿಗ್ಗೆ ಮಾತ್ರೆ ಬಿಟ್ಟೆ. ಒಂದು ದಿನ ಏನಾದೀತು ಎಂದುಕೊಂಡೆ.

ಮುಖಕ್ಕೆ, ಎದೆಗೆ ನೀರು ಹಾಕಿದ್ದಾಗಿತ್ತು. ಬೆನ್ನಿಗೆ ಹಾಕಲೆಂದು ಮಗುವನ್ನು ಮಗುಚುತ್ತಿದ್ದೆ. ಬಲಮಂಡಿಯೊಳಗೆ ಮೊಳೆ ಹೊಡೆದಂತಾಯಿತು. ಕಾಲು ನನ್ನನ್ನು ಕೇಳದೆ ಹಾರಿತು.

ಮಗು ಜಾರಿತು.

ಒಂದು ತೋಳು ಕೈಗೆ ಸಿಕ್ಕಿತು. ಅಷ್ಟೇ ಸಿಕ್ಕಿದ್ದು. ಆ ಒಂದು ತೋಳಿನಲ್ಲಿ ಮಗು ನೇತಾಡಿ, ಕಲ್ಲಿಗೆ ಸೊಂಟ ತಾಗಿ, ಕಿಟಾರನೆ ಕಿರುಚಿತು. ನನ್ನ ಕಾಲಿನ ಮೇಲೆ ಮಗು ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ. ಆಶಾ ಓಡಿಬಂದಳು. ಮಗುವನ್ನು ಎತ್ತಿಕೊಂಡಳು. ನಾನು ಏಳಲು ಹೋದೆ, ಆಗಲಿಲ್ಲ. ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತಿದ್ದ ಬಾಣಂತಿ ಮಗುವನ್ನು ಒಳಗೆ ಮಲಗಿಸಿ ಬಂದು ನನ್ನ ಭುಜ ಹಿಡಿದೆತ್ತಿದಳು.

"ಏನಾಯ್ತಮ್ಮಾ?"

"ಎಣ್ಣೆ" ಎಂದೆ. "ಎಣ್ಣೆ ಜಾಸ್ತಿಯಾಗಿತ್ತು, ಜಾರ್ತು."

ಎಣ್ಣೆ ಹಚ್ಚಿದವಳು ಅವಳೇ.

ಪಕ್ಕದ ಮನೆಯವರ ಕಾರಿನಲ್ಲಿ ತರೀಕೆರೆಗೆ ಓಡಿದೆವು. ಮಕ್ಕಳ ಡಾಕ್ಟರ್ ತೋಳನ್ನು ಮೆಲ್ಲಗೆ ಆಡಿಸಿ, ಸೊಂಟ, ತಲೆ, ಬೆನ್ನು ಎಲ್ಲ ಮುಟ್ಟಿ ನೋಡಿದರು. ಮೂಳೆಗೆ ಏನೂ ಆಗಿಲ್ಲ, ಕೆಂಪು ಇಳಿಯುತ್ತದೆ ಎಂದರು. ನನಗೆ ಉಸಿರು ಬಂತು. ಹೇಗಾಯಿತು ಎಂದು ಕೇಳಿದರು. ನಾನು ಮತ್ತೆ ಎಣ್ಣೆ ಎಂದೆ. ಡಾಕ್ಟರ್ ನನ್ನನ್ನು ಬಿಟ್ಟು ಆಶಾಳ ಕಡೆ ತಿರುಗಿದರು.

"ಏನಮ್ಮಾ, ಓದಿದೋರು ನೀವು. ಇಷ್ಟು ಎಣ್ಣೆ ಯಾಕೆ ಬಳೀತೀರಾ? ಅಜ್ಜಿ ವಯಸ್ಸಾದೋರು, ಅವರ ಕೈಲಿ ಹಿಡಿಯೋಕಾಗುತ್ತಾ?"

ಆಶಾ ತಲೆ ತಗ್ಗಿಸಿ, "ಸಾರಿ ಡಾಕ್ಟರ್" ಎಂದಳು.

ಆ ಎರಡು ಮಾತು ನನ್ನ ಕಿವಿಯಲ್ಲಿ ಇನ್ನೂ ಇವೆ. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಸಂಜೆ ಅವಳು ಮಗುವಿನ ಕೆಂಪು ತೋಳನ್ನು ಸವರುತ್ತಾ, "ನನ್ನ ಕೈಯಾರೆ ಆಯ್ತಲ್ಲ ಕಂದಾ" ಎಂದು ಅಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಸಾರು ಕುದಿಸುತ್ತಾ ನಿಂತಿದ್ದೆ. ಮೈಗೆ ವಯಸ್ಸಾಗುವುದು ನನ್ನ ತಪ್ಪಲ್ಲ. ಅದನ್ನು ಮುಚ್ಚಲು ಹಸಿ ಬಾಣಂತಿಯ ತಲೆಗೆ ತಪ್ಪು ಕಟ್ಟಿದ್ದು ನಾನೇ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಸುದ್ದಿ ಫೋನಿನಲ್ಲಿ ಸಿಂಗಟಗೆರೆಗೆ ಹೋಗಿತ್ತು. ಮರುದಿನ ಬೆಳಿಗ್ಗೆಯೇ ಗೌರಮ್ಮನವರು ಬಸ್ಸು ಬದಲಾಯಿಸಿಕೊಂಡು ಒಬ್ಬರೇ ಬಂದಿಳಿದರು. ಸೆರಗನ್ನು ಕಿವಿಯವರೆಗೂ ಎಳೆದುಕೊಂಡಿದ್ದರು. ಮಗುವನ್ನು ನೋಡಿದರು. ಸೊಸೆಯನ್ನು ನೋಡಿದರು. ತಾಯಿ ಮಗುವನ್ನು ಕರೆದೊಯ್ಯಲು ಬಂದಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಆಶಾ ಮತ್ತೆ, "ಅತ್ತೆ, ನಾನೇ ಎಣ್ಣೆ..." ಎಂದು ಶುರುಮಾಡಿದಳು.

ನನಗೆ ತಡೆಯಲಾಗಲಿಲ್ಲ.

"ಎಣ್ಣೆ ಅಲ್ಲ ಬೀಗ್ರೇ. ನನ್ನ ಮಂಡಿ. ಡಾಕ್ಟ್ರು ಕೂರಬೇಡ ಅಂದಿದ್ರು. ಸೀಮಂತಕ್ಕೂ ಮೊದ್ಲೇ ಅಂದಿದ್ರು. ನಾನೇ ಮುಚ್ಚಿಟ್ಟೆ."

ಆಶಾ ನನ್ನನ್ನೇ ನೋಡಿದಳು. ಗೌರಮ್ಮನವರು ಅಂದರು.

"ಹೇಳಕ್ಕೇನಾಗಿತ್ತು ನಿಮಗೆ? ಮಗೀನ ಕೈ ಮುರಿದಿದ್ರೆ? ಮರ್ಯಾದೆ ಮರ್ಯಾದೆ ಅಂತ ಅದನ್ನೇ ಕಟ್ಕೊಂಡು ಕೂತಿರ್ತಿದ್ರಾ? ಚಾಪೆ ಮ್ಯಾಲಿಂದ ಏಳಕ್ಕಾಗ್ದೆ ಮಜ್ಜಿಗೆ ಮ್ಯಾಲೆ ಮಜ್ಜಿಗೆ ಕುಡೀತಿದ್ರಲ್ಲ, ಅವತ್ತೇ ನೋಡಿದ್ದೆ. ಬಾಯ್ಬಿಟ್ಟು ಹೇಳ್ತೀರೇನೋ ಅಂತ ಸುಮ್ಕಿದ್ದೆ."

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಮಣೆ ಎಲ್ಲೈತೆ?" ಎಂದರು.

ಬೀಗಿತ್ತಿ ನಮ್ಮ ಮನೆಯ ಬಚ್ಚಲಲ್ಲಿ ಕೂರುವುದೇ? ಬಂದವರಿಗೆ ಒಂದು ಲೋಟ ಕಾಫಿಯನ್ನೂ ಕೊಟ್ಟಿರಲಿಲ್ಲ. "ಬೇಡಿ, ಬೇಡಿ" ಎಂದು ಹಿಂದೆ ಹಿಂದೆ ಹೋದೆ. ಅಷ್ಟರಲ್ಲಿ ಅವರು ಕಾಲು ನೀಡಿ ಕೂತೇ ಬಿಟ್ಟಿದ್ದರು. ಮಗುವನ್ನು ಮಲಗಿಸಿಕೊಂಡರು. ಅದು ಒಮ್ಮೆ ಮುಲುಗಿ ಸುಮ್ಮನಾಯಿತು. ಸುಮ್ಮನಾದದ್ದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬಿ.

"ನೀರು ಯಾರು ಹಾಕ್ತಾರೆ?" ಎಂದರು.

ಹಂಡೆ ಅವರ ಪಕ್ಕದಲ್ಲೇ, ಒಲೆಯ ಮೇಲೆ ಇತ್ತು. ಕೈ ಎತ್ತಿದರೆ ಎಟುಕುತ್ತಿತ್ತು. ಅವರು ಎತ್ತಲಿಲ್ಲ.

"ಬಲಗೈ ಮ್ಯಾಲಕ್ಕೆ ಬರಲ್ಲ ಕಣ್ರೀ. ಹೆಗಲು ಹಿಡ್ಕೊಂಡೈತೆ. ಶುಗರ್ ಇರೋರಿಗೆ ಬತ್ತದಂತೆ, ಫ್ರೋಜನ್ ಶೋಲ್ಡರ್ ಅಂತಾರೆ. ತಲೆ ಬಾಚ್ಕಳಕ್ಕೂ ಆಗಲ್ಲ. ನಿಮ್ಮ ಮಗಳೇ ಜಡೆ ಹಾಕ್ತಿದ್ಲು. ಯಾರಿಗೂ ಹೇಳ್ಬ್ಯಾಡ ಅಂದಿದ್ದೆ."

ಆಶಾ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಅತ್ತೆಯ ಮಾತನ್ನು ನನ್ನಿಂದಲೂ ಮುಚ್ಚಿಟ್ಟಿದ್ದಳು.

ಅಡುಗೆಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಂಡೆಯ ಪಕ್ಕ ಹಾಕಿಕೊಂಡು ಕೂತೆ. ಚೊಂಬಿನಲ್ಲಿ ನೀರು ತೆಗೆದು, ಮೊಣಕೈಗೆ ಬಿಟ್ಟು ಬಿಸಿ ನೋಡಿ, ಮಗುವಿನ ಬೆನ್ನಿಗೆ ಹನಿಸಿದೆ. ಅವರು ಉಜ್ಜಿದರು. ನಾನು ಹಾಕಿದೆ.

ಮಗುವನ್ನು ಮಲಗಿಸಿದ ಮೇಲೆ ಬಾಚಣಿಗೆ ತಂದೆ. ಅವರು ಬೇಡವೆಂದರು. ಆಮೇಲೆ ಮಣೆ ಎಳೆದುಕೊಂಡು ನನ್ನ ಕುರ್ಚಿಯ ಮುಂದೆ ಕೂತು, ತಾವೇ ಸೆರಗು ಸರಿಸಿದರು. ಕೂದಲು ಗಂಟು ಗಂಟಾಗಿತ್ತು. ಮಗಳನ್ನು ನಾವು ಕರೆತಂದ ಮೇಲೆ ಅದಕ್ಕೆ ಸರಿಯಾಗಿ ಬಾಚಣಿಗೆ ತಾಗಿರಲಿಲ್ಲ. ಯಾರನ್ನಾದರೂ ಕೇಳಲು ನಾಚಿಕೆ, ಅದಕ್ಕೇ ಆ ಸೆರಗು. ನಾನು ಅದನ್ನು ಗತ್ತು ಎಂದುಕೊಂಡಿದ್ದೆ.

ಮೂರು ತಿಂಗಳು ತುಂಬುವವರೆಗೆ ಇರುತ್ತೇನೆಂದು ಉಳಿದುಕೊಂಡಿದ್ದಾರೆ. ಬೀಗಿತ್ತಿ ಇದ್ದಾರೆಂದು ಯಜಮಾನರು ಮನೆಯಲ್ಲೂ ಶರ್ಟು ಹಾಕಿಕೊಂಡೇ ಓಡಾಡುತ್ತಾರೆ. ಕಮೋಡ್ ಹಾಕಿಸಿದ್ದಾರೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ಹಾಗೆ ನಾನು ತೊಡೆ ಬಿಗಿಹಿಡಿದು ಕಾಲೆತ್ತುತ್ತೇನೆ, ಗೌರಮ್ಮನವರು ಗೋಡೆಗೆ ಬೆರಳು ಹತ್ತಿಸಿ ಕೈಯೆತ್ತುತ್ತಾರೆ. ನೋಡಿದರೆ ನಗು ಬರುತ್ತದೆ. ಮಂಡಿ ಮೊದಲಿನಂತೆ ಆಗುವುದಿಲ್ಲ, ಅದು ನನಗೆ ಗೊತ್ತು. ಬೀಗಿತ್ತಿಯ ಕೈಲಿ ಕೆಲಸ ಮಾಡಿಸಿಕೊಳ್ಳುತ್ತಿದ್ದೇನೆ ಎಂಬ ನಾಚಿಕೆ ಪೂರ್ತಿ ಹೋಗಿಲ್ಲ. ಆಶಾ ನನ್ನೊಡನೆ ಎಂದಿನಂತೆ ಮಾತಾಡುತ್ತಾಳೆ. ಆದರೂ ಎಣ್ಣೆಯ ಬಟ್ಟಲು ಹಿಡಿದಾಗ ಅವಳ ಕೈ ಒಂದು ಕ್ಷಣ ತಡೆಯುತ್ತದೆ. ಅದನ್ನು ಕಂಡಾಗಲೆಲ್ಲ ನಾನು ಒಳಗೇ ಕುಗ್ಗುತ್ತೇನೆ. ಮಗುವಿನ ತೋಳು ಮಾತ್ರ ಗುಂಡಗೆ, ಬೆಳ್ಳಗೆ ಇದೆ. ಅದಕ್ಕೆ ಶಿವನಿಗೆ ಕೈಮುಗಿಯುತ್ತೇನೆ, ಕುರ್ಚಿಯಲ್ಲಿ ಕೂತು, ಬಾಗಿಲು ತೆಗೆದಿಟ್ಟು.

ಇವತ್ತು ಬೆಳಿಗ್ಗೆ ನೀರೆರೆದಾದ ಮೇಲೆ ಆಶಾ ಮಗುವನ್ನು ಎತ್ತಿಕೊಂಡು ಹೋದಳು. ಗೌರಮ್ಮನವರು ಮಣೆಯಿಂದ ಎದ್ದು ನಿಂತರು. ನಾನು ಕುರ್ಚಿಯಿಂದ ಏಳಲು ಹೋದಾಗ ಮಂಡಿ ಲಟಕ್ಕೆಂದು ಹಿಡಿದುಕೊಂಡಿತು. ಕೈ ಅಭ್ಯಾಸಬಲದಿಂದ ಚಿಲಕದ ದಾರದ ಕಡೆ ಹೋಯಿತು. ಅರ್ಧಕ್ಕೇ ನಿಲ್ಲಿಸಿ, ಕೈಯನ್ನು ಅವರ ಕಡೆ ಚಾಚಿದೆ. ಅವರು ಎಡಗೈ ಕೊಟ್ಟರು.