ಪ್ಯಾಟ್ರಿಕನ ಕೆಂಪು ಚುಕ್ಕಿ

ಬೋವಿಕಾನದಿಂದ ಕಾರಡ್ಕದವರೆಗೆ ಯಾವ ಸಭಾಭವನಕ್ಕೆ ಹೋದರೂ, ವೇದಿಕೆಯ ಬದಿಯ ಗೋಡೆಯಲ್ಲಿರುವ ಪ್ಲಗ್ಗನ್ನು ಬಗ್ಗಿ ನೋಡಿದರೆ ಒಂದು ತೂತಿನ ಪಕ್ಕದಲ್ಲಿ ಕೆಂಪು ಚುಕ್ಕಿ ಕಾಣುತ್ತಿತ್ತು. ಇಗರ್ಜಿಯ ಹಾಲ್, ಭಜನಾ ಮಂದಿರ, ಮದ್ರಸದ ಜಗಲಿ ಎಂಬ ಭೇದ ಆ ಚುಕ್ಕಿಗಿರಲಿಲ್ಲ. ಅದು ಉಗುರಿಗೆ ಹಚ್ಚುವ ಬಣ್ಣ. ಹಚ್ಚಿದವನು ಮೈಕ್ ಸೆಟ್ಟಿನ ಪ್ಯಾಟ್ರಿಕ್ ಮೊಂತೆರೊ. ಸೀಸೆ ಅವನ ಹೆಂಡತಿ ಜೋಸ್ಫಿನಳದ್ದು. ಮದುವೆಗೆಂದು ತಂದ ಆ ಸೀಸೆಯಿಂದ ಹಿಡಿದು ಆಮೇಲೆ ತಂದ ಎಲ್ಲ ಸೀಸೆಗಳಲ್ಲೂ ಅವಳ ಉಗುರಿಗಿಂತ ಊರಿನ ಗೋಡೆಗಳ ಪಾಲೇ ದೊಡ್ಡದು.

ಪ್ಯಾಟ್ರಿಕ್ ಕೆಲಸ ಕಲಿತದ್ದು ಚುನಾವಣಾ ಪ್ರಚಾರದ ಜೀಪಿನಲ್ಲಿ. ಜೀಪಿಗೆ ಮೈಕ್ ಕಟ್ಟುವ ಕೂಸಪ್ಪ ಅವನ ಗುರು. ಮೊದಲ ವಾರವೇ ಶಿಷ್ಯ ಬ್ಯಾಟರಿಯ ಕೆಂಪು ವಯರನ್ನು ಕಪ್ಪಿನ ಜಾಗಕ್ಕೆ ಸಿಕ್ಕಿಸಿದ. ಆಂಪ್ಲಿಫೈಯರಿನೊಳಗಿಂದ ಹೊಗೆ ಬಂತು, ಹೊಗೆಯ ಹಿಂದೆಯೇ ಕೂಸಪ್ಪನ ಕೈ ಕೆನ್ನೆಗೆ ಬಂತು. "ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಸಾಯುವವರೆಗೆ ಮರೀಬೇಡ!" ಎಂದ ಗುರು. ಶಿಷ್ಯ ಮರೆಯಲಿಲ್ಲ.

ಬಿಸಿ ಹಾಲಿಗೆ ಬಾಯಿ ಸುಟ್ಟವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಮುಂದೆ ಪ್ಯಾಟ್ರಿಕ್ ನಾಯ್ಮಾರ್ಮೂಲೆಯ ಮೆಕ್ಯಾನಿಕ್ ಒಬ್ಬನಿಂದ ಸ್ವಂತ ಸೆಟ್ ಮಾಡಿಸಿಕೊಂಡು, ಜೀಪಿನಿಂದ ಇಳಿದು ಹಾಲ್‌ಗಳಿಗೆ ಬಂದಾಗ ಕಂಗಾಲಾದ. ಗೋಡೆಯ ಪ್ಲಗ್ಗಿನಲ್ಲಿ ಕೆಂಪು ಯಾವುದು, ಕಪ್ಪು ಯಾವುದು? ಎರಡೂ ತೂತು ಒಂದೇ ಥರ. ಅವನ ಸೆಟ್ಟಿನ ಎರಡು ಪಿನ್ನಿನ ಪ್ಲಗ್ಗೋ, ಹೇಗೆ ತಿರುಗಿಸಿ ಚುಚ್ಚಿದರೂ ಹೋಗುವಂಥದ್ದು. ಕೊನೆಗೆ ಟೆಸ್ಟರ್ ಹಾಕಿ ನೋಡಿದ. ಒಂದು ತೂತಿನಲ್ಲಿ ದೀಪ ಹೊತ್ತಿತು, ಇನ್ನೊಂದರಲ್ಲಿ ಇಲ್ಲ. ಹೊತ್ತಿದ್ದೇ ಪ್ಲಸ್ ಎಂದು ತೀರ್ಮಾನಿಸಿ ಅಲ್ಲೊಂದು ಚುಕ್ಕಿ, ತನ್ನ ಪ್ಲಗ್ಗಿನ ಒಂದು ಬದಿಗೊಂದು ಚುಕ್ಕಿ ಇಟ್ಟ. ಚುಕ್ಕಿಗೆ ಚುಕ್ಕಿ ಸೇರಿಸಿಯೇ ಸ್ವಿಚ್ ಹಾಕುವುದು ಅಂದಿನಿಂದ ಅವನ ನೇಮ.

ಬೇರೆಯವರ ಮೈಕುಗಳು ಆಗಾಗ ಹಾಡುವವರ ತುಟಿ ಕಚ್ಚುತ್ತಿದ್ದವು, ಭಾಷಣಕಾರರ ಕೈಗೆ ಜುಮ್ಮೆನ್ನಿಸುತ್ತಿದ್ದವು. ಇಪ್ಪತ್ತೈದು ವರ್ಷಗಳಲ್ಲಿ ಪ್ಯಾಟ್ರಿಕನ ಮೈಕ್ ಒಬ್ಬರಿಗೂ ಶಾಕ್ ಕೊಟ್ಟಿರಲಿಲ್ಲ. ಅವನಿಗಿದ್ದ ಒಂದೇ ಒಂದು ಹೆಮ್ಮೆ ಅದು.

ಆ ಹೆಮ್ಮೆಗೆ ಕಲ್ಲು ಬಿದ್ದದ್ದು ೨೦೧೧ರ ಜನವರಿಯಲ್ಲಿ, ಕಾರಡ್ಕದ ಬಳಿಯ ಒಂದು ಶಾಲೆಯಲ್ಲಿ. ವಾರ್ಷಿಕೋತ್ಸವಕ್ಕೆ ಮೂರು ದಿನ ಮೊದಲು, ಹೊಸದಾಗಿ ಕಟ್ಟಿದ ವೇದಿಕೆಯ ಪ್ಲಗ್ಗಿಗೆ ಅವನು ಚುಕ್ಕಿ ಇಡುತ್ತಿದ್ದಾಗ ವಿಜ್ಞಾನದ ಶ್ರೀರಂಜಿನಿ ಟೀಚರ್ ಮಕ್ಕಳೊಡನೆ ಅಲ್ಲಿಗೆ ಬಂದರು.

"ಇದೆಂತ ಪ್ಯಾಟ್ರಿಕಣ್ಣ, ಗೋಡೆಗೆ ಬೊಟ್ಟು?"

"ಪ್ಲಸ್ಸಿನ ಗುರುತು ಟೀಚರೇ."

ಟೀಚರ್ ನಕ್ಕರು. "ಪ್ಲಸ್ಸು, ಮೈನಸ್ಸು ಎಲ್ಲ ಬ್ಯಾಟರಿಗೆ. ಅದು ಡಿ.ಸಿ., ಒಂದೇ ದಿಕ್ಕಿಗೆ ಹರಿಯುವುದು. ಇದು ಎ.ಸಿ. ಮಾರಾಯ್ರೇ! ಸೆಕೆಂಡಿಗೆ ಐವತ್ತು ಸಲ ಹೋಗಿ ಬರುವುದು. ಈಗ ಪ್ಲಸ್ ಆದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೈನಸ್. ನಿಮ್ಮ ಚುಕ್ಕಿ ಎಲ್ಲಿ ನಿಲ್ಲಬೇಕು?"

ಮಕ್ಕಳು ಹೋ ಎಂದು ನಕ್ಕರು. ಪ್ಯಾಟ್ರಿಕನೂ ಅವರೊಡನೆ ನಕ್ಕ, ಆದರೆ ಅವನ ಕಿವಿ ಬಿಸಿಯಾಗಿತ್ತು. ನಾಚಿಕೆಯನ್ನು ಹೇಗೋ ನುಂಗಬಹುದು. ಹೋಗಿ ಬರುವುದು ಎಂಬ ಮಾತು ಮಾತ್ರ ಗಂಟಲಲ್ಲಿ ಇಳಿಯಲೇ ಇಲ್ಲ. ಬ್ಯಾಟರಿಯ ಲೆಕ್ಕ ಅವನಿಗೆ ಗೊತ್ತು: ಒಂದು ಬದಿಯಿಂದ ಹೊರಡುತ್ತದೆ, ಇನ್ನೊಂದು ಬದಿಗೆ ಮುಟ್ಟುತ್ತದೆ. ಆದರೆ ಬಂದ ಹಾಗೇ ಹಿಂದಕ್ಕೆ ಹೋಗುವ ಕರೆಂಟ್ ಕೆಲಸ ಮಾಡುವುದು ಯಾವಾಗ? ಬಸ್ಸಿನಲ್ಲಿ ಯೋಚಿಸಿದ, ಸ್ನಾನದ ನಡುವೆ ಯೋಚಿಸಿದ. ತಲೆಯೊಳಗೆ ಹುಳ ಬಿಟ್ಟಂತಾಯಿತು.

ಮರುದಿನ ಬೆಳಿಗ್ಗೆ ಜೋಸ್ಫಿನ್ ಅಡಿಗೆಮನೆಯ ಕಂಬಕ್ಕೆ ಕಡೆಗೋಲು ಕಟ್ಟಿ ಮೊಸರು ಕಡೆಯುತ್ತಿದ್ದಳು. ಅವನು ಎದುರು ಕೂತು ಕೇಳಿಯೇಬಿಟ್ಟ. "ಬಂದದ್ದೆಲ್ಲ ಹಿಂದೆ ಹೋದರೆ ಇಲ್ಲಿ ಉಳಿಯುವುದೆಂತ?"

"ನಿಮ್ಮ ಕರೆಂಟ್ ನನಗೆ ಗೊತ್ತಿಲ್ಲ," ಎಂದಳು ಅವಳು, ಕೈ ನಿಲ್ಲಿಸದೆ. "ಈ ಹಗ್ಗ ಬೆಳಿಗ್ಗೆಯಿಂದ ಆಚೆ ಹೋಗ್ತದೆ, ಈಚೆ ಬರ್ತದೆ. ಹಗ್ಗ ಇದ್ದಲ್ಲೇ ಉಂಟು. ಬೆಣ್ಣೆ ಬರುದಿಲ್ವಾ?"

ಪ್ಯಾಟ್ರಿಕ್ ಹಗ್ಗ ನೋಡಿದ, ಬೆಣ್ಣೆ ನೋಡಿದ. ಆಚೆ ಎಳೆದರೂ ಕಡೆಯುತ್ತದೆ, ಈಚೆ ಎಳೆದರೂ ಕಡೆಯುತ್ತದೆ! ಹಾಗಾದರೆ ಟೀಚರ್ ಹೇಳಿದ್ದೇ ಸರಿ. ಇಷ್ಟು ವರ್ಷ ತಾನು ಊರಿನ ಗೋಡೆ ಹಾಳು ಮಾಡಿದ ಪೆದ್ದ. ಬ್ಲೇಡು ತೆಗೆದು ತನ್ನ ಪ್ಲಗ್ಗಿನ ಚುಕ್ಕಿಯನ್ನು ಕೆರೆದು ಹಾಕಿದ. ವಾರ್ಷಿಕೋತ್ಸವದ ದಿನ ಶಾಲೆಗೆ ಹೋದವನೇ ಗೋಡೆಯದನ್ನೂ ಕೆರೆದು, ಕೈಗೆ ಬಂದ ಹಾಗೆ ಪ್ಲಗ್ ಚುಚ್ಚಿದ. ಒಂದು ಥರದ ಸ್ವಾತಂತ್ರ್ಯ ಸಿಕ್ಕಿದಂತೆ ಅನ್ನಿಸಿತು.

ಸ್ವಾಗತಕ್ಕೆ ಬಂದವರು ಶ್ರೀರಂಜಿನಿ ಟೀಚರೇ. ಚಪ್ಪಲಿ ಕೆಳಗೆ ಬಿಟ್ಟು, ನೀರು ಚಿಮುಕಿಸಿದ ಸಿಮೆಂಟಿನ ವೇದಿಕೆ ಹತ್ತಿ, ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡು "ಮಾನ್ಯ" ಎಂದರು. ಅಷ್ಟೇ. ಚಿಟ್ಟನೆ ಚೀರಿ ಹಿಂದಕ್ಕೆ ಹಾರಿದರು. ಮೈಕ್ ಸ್ಟ್ಯಾಂಡ್ ದಡಾರನೆ ಬಿತ್ತು.

ಪ್ಯಾಟ್ರಿಕ್ ಓಡಿಹೋಗಿ ಪ್ಲಗ್ ಕಿತ್ತ. ಟೀಚರ್ ತುಟಿ ಮುಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಯಾರೋ ನೀರು ಕೊಟ್ಟರು. "ಎಂತ ಆಗಲಿಲ್ಲ, ಎಂತ ಆಗಲಿಲ್ಲ," ಎಂದು ಅವರೇ ಎಲ್ಲರಿಗೂ ಹೇಳಿದರು. ಪ್ಯಾಟ್ರಿಕನಿಗೆ ಮಾತ್ರ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ಇಪ್ಪತ್ತೈದು ವರ್ಷ ಕಾಪಾಡಿಕೊಂಡದ್ದು ಒಂದೇ ಶಬ್ದಕ್ಕೆ ಮಣ್ಣುಪಾಲಾಯಿತು. ಅಳು ಬಂತು. ಸೀನಿದಂತೆ ಮಾಡಿ ಮುಖ ಒರೆಸಿಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಟೀಚರ್ ಎದ್ದು ಬಂದು ಅವನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಹಿಂದಿನ ಮುಚ್ಚಳ ತೆಗೆಸಿ ಒಳಗೆ ಇಣುಕಿದರು. ಅವರ ಮುಖದಲ್ಲೂ ಈಗ ಗೊಂದಲವಿತ್ತು.

"ಪ್ಯಾಟ್ರಿಕಣ್ಣ, ಇದಕ್ಕೆ ಅರ್ಥ್ ವಯರ್ ಇಲ್ಲ. ಒಂದು ಬದಿಯ ವಯರಿನಿಂದ ಈ ತಗಡಿಗೆ ಕರೆಂಟ್ ಸೋರ್ತದೆ. ಆ ವಯರು ಫೇಸಿಗೆ ಸಿಕ್ಕಿದರೆ ಮೈಕ್ ಕಚ್ತದೆ, ನ್ಯೂಟ್ರಲಿಗೆ ಸಿಕ್ಕಿದರೆ ಇಲ್ಲ. ನಿಮ್ಮ ಚುಕ್ಕಿ ಅದನ್ನು ಇಷ್ಟು ವರ್ಷ ನ್ಯೂಟ್ರಲಿಗೇ ಸೇರಿಸ್ತಾ ಇತ್ತು, ಅದೃಷ್ಟಕ್ಕೆ."

"ಹಾಗಾದರೆ ಪ್ಲಸ್ ಉಂಟು?"

"ಇಲ್ಲ."

"ಟೆಸ್ಟರ್ ಒಂದೇ ಕಡೆ ಹೊತ್ತುವುದು?"

"ಅದು ಫೇಸ್. ಪ್ಲಸ್ ಅಲ್ಲ."

"ಹೋಗಿ ಬರುವುದಲ್ವಾ ಅದು? ಮತ್ತೆ ಬದಿ ಹೇಗೆ ಉಳಿಯಿತು?"

ಟೀಚರ್ ಪೆಟ್ಟಿಗೆಯ ಮುಚ್ಚಳವನ್ನು ತಾವೇ ಹಾಕಿ ಎದ್ದರು. ಕಡೆಗೋಲಿನ ಹಗ್ಗ ಪ್ಯಾಟ್ರಿಕನ ತಲೆಯಲ್ಲಿ ಮತ್ತೆ ಗಂಟು ಬಿದ್ದಿತ್ತು. ಆ ದಿನ ಕಾರ್ಯಕ್ರಮ ಮೈಕಿಲ್ಲದೆಯೇ ನಡೆಯಿತು.

ಮುಂದಿನ ವಾರವೇ ಅವನು ಪೆಟ್ಟಿಗೆ ರಿಪೇರಿ ಮಾಡಿಸಿ, ಅರ್ಥ್ ಕೊಡಿಸಿ, ಮೂರು ಪಿನ್ನಿನ ಪ್ಲಗ್ ಹಾಕಿಸಿದ. ಅದನ್ನು ಒಂದೇ ಬಗೆಯಲ್ಲಿ ಚುಚ್ಚಲು ಸಾಧ್ಯ; ಚುಕ್ಕಿಯ ಹಂಗಿಲ್ಲ. ಆದರೂ ಹೊಸ ಪ್ಲಗ್ಗಿಗೂ, ಹೊಸದಾಗಿ ಹೋದ ಹಾಲ್‌ಗಳ ಗೋಡೆಗೂ ಜೋಸ್ಫಿನಳ ಬಣ್ಣ ಮತ್ತೆ ಬಂತು. ಅವಳು ಬಯ್ಯಲಿಲ್ಲ. ಆದರೆ ಆ ಶಾಲೆಯ ಗೋಡೆ ಮುಟ್ಟಲು ಅವನಿಗೆ ಮುಖವಿರಲಿಲ್ಲ.

ಮರುವರ್ಷ ಅದೇ ಶಾಲೆಯಿಂದ ಕರೆ ಬಂದಾಗ ಅವನು ಅಳುಕುತ್ತಲೇ ಹೋದ. ಸ್ವಾಗತಕ್ಕೆ ಮತ್ತೆ ಅದೇ ಟೀಚರ್. ಅವರು ನೆಟ್ಟಗೆ ಮೈಕಿನ ಬಳಿ ಹೋಗಲಿಲ್ಲ. ಸೀರೆಯ ನೆರಿಗೆ ಹಿಡಿದುಕೊಂಡು, ಸಭೆ ಇಡೀ ನೋಡುತ್ತಿದ್ದಂತೆಯೇ ಗೋಡೆಯ ಬದಿಗೆ ಬಂದು ಪ್ಲಗ್ಗಿನ ಮುಂದೆ ಬಗ್ಗಿದರು.

"ಎಂತ ನೋಡುದು ಟೀಚರೇ?" ಎಂದ ಪ್ಯಾಟ್ರಿಕ್. "ಎ.ಸಿ.ಗೆ ಪ್ಲಸ್ ಇಲ್ಲ ಅಂತ ನೀವೇ ಹೇಳಿದ್ದಲ್ವಾ?"

"ಇಲ್ಲ ಪ್ಯಾಟ್ರಿಕಣ್ಣ, ಖಂಡಿತ ಇಲ್ಲ," ಎಂದರು ಅವರು, ತಲೆಯೆತ್ತದೆ. "ಚುಕ್ಕಿ ಎಲ್ಲಿ? ನೀವು ಚುಕ್ಕಿ ಇಡದೆ ನಾನು ಮೈಕ್ ಮುಟ್ಟುದಿಲ್ಲ."